ಮೋರಿಯಿಂದ ಬೈರಮಂಗಲದವರೆಗೆ: ಇಡೀ ವ್ಯವಸ್ಥೆಯನ್ನು ತರಗತಿಯಲ್ಲಿ ತೋರಿಸುವ ಬಗೆ

ವಿಜ್ಞಾನದ ಪಠ್ಯದಲ್ಲಿ ಜಲಮಾಲಿನ್ಯ ಒಂದು ಪಾಠ, ಬೆಳೆಗಳದ್ದು ಇನ್ನೊಂದು, ಸೂಕ್ಷ್ಮಜೀವಿ ಮತ್ತು ರೋಗಗಳದ್ದು ಮತ್ತೊಂದು. ನೀರಾವರಿ, ಕೈಗಾರಿಕೆ ಸಮಾಜ ವಿಜ್ಞಾನದ ಮೇಷ್ಟ್ರ ಪಾಲು. ಶೇಕಡಾವಾರು, ಘನಫಲ ಗಣಿತದ ಅವಧಿಗೆ. ಹೀಗೆ ಹಂಚಿಕೊಳ್ಳದೆ ಶಾಲೆ ನಡೆಸುವುದು ಕಷ್ಟ ಎಂಬುದು ನನಗೂ ಗೊತ್ತು. ಆದರೆ ನಾನು ಬೋಧನಾಭ್ಯಾಸಕ್ಕೆ ಹೋದ ಕುರುಬರಹಳ್ಳಿಯ ಶಾಲೆಯ ಹತ್ತಿರ ಹರಿಯುವ ರಾಜಕಾಲುವೆಗೆ ಈ ಹಂಚಿಕೆ ಗೊತ್ತಿಲ್ಲ. ಅದರಲ್ಲಿ ನೂರು ಕಿಲೋಮೀಟರ್ ದೂರದಿಂದ ಬಂದ ಕಾವೇರಿ ನೀರಿದೆ, ಬಟ್ಟೆ ತೊಳೆದ ಸೋಪಿದೆ, ಶೆಡ್ಡುಗಳಿಂದ ಬಂದ ಬಣ್ಣದ ನೀರಿದೆ. ಜೋರು ಮಳೆಯ ರಾತ್ರಿ ಅದೇ ಕಾಲುವೆ ಮನೆಯೊಳಗೂ ಬರುತ್ತದೆ. ಇಷ್ಟನ್ನೂ ಮಕ್ಕಳು ನೋಡಿದ್ದಾರೆ. ನೋಡಿದ್ದನ್ನು ಒಂದಕ್ಕೊಂದು ಜೋಡಿಸಲು ಮಾತ್ರ ನಮ್ಮ ವೇಳಾಪಟ್ಟಿಯಲ್ಲಿ ಅವಧಿಯಿಲ್ಲ.

ಪರಿಸರ, ಅರ್ಥವ್ಯವಸ್ಥೆ ಮತ್ತು ಸಾರ್ವಜನಿಕ ಆರೋಗ್ಯವನ್ನು ಬೇರೆಬೇರೆ ಪೆಟ್ಟಿಗೆಯಲ್ಲಿ ಇಡದೆ ಒಟ್ಟಾಗಿ ಅಧ್ಯಯನ ಮಾಡುವ ಕ್ರಮವನ್ನು ಸಂಶೋಧಕರು ಸಮಗ್ರ ವ್ಯವಸ್ಥಾ ವಿಧಾನ ಎನ್ನುತ್ತಾರೆ. ಹೆಸರು ಕೇಳಿದರೆ ಎಂಟನೇ ತರಗತಿಗೆ ಭಾರವಾಯಿತು ಅನ್ನಿಸಬಹುದು. ಅದರೊಳಗಿನ ಪರಿಕಲ್ಪನೆಗಳು ಭಾರವಾದವಲ್ಲ. ಅವುಗಳನ್ನು ಹೇಗೆ ಅರ್ಥ ಮಾಡಿಕೊಂಡೆ, ಹೇಗೆ ಪಾಠ ಮಾಡಿದೆ ಎಂಬುದನ್ನು ಸಹಪ್ರಶಿಕ್ಷಣಾರ್ಥಿಗಳ ಉಪಯೋಗಕ್ಕೆಂದು ಇಲ್ಲಿ ಬರೆಯುತ್ತಿದ್ದೇನೆ.

ಕಲಿಕೋಪಕರಣ ನಮ್ಮ ಮನೆಗಳಲ್ಲೇ ಇದೆ: ಸಂಪು, ಮೋಟರು, ಮೇಲಿನ ಟ್ಯಾಂಕು. ಸಂಪಿನಲ್ಲಿ ಇರುವ ನೀರು ಸಂಗ್ರಹ. ಬರುವ ಕಾವೇರಿ ನೀರು ಒಳಹರಿವು, ಮೋಟರು ಎಳೆಯುವುದು ಹೊರಹರಿವು. ನೀರಿನ ಮಟ್ಟ ಏರಿದಾಗ ತೇಲುವ ಚೆಂಡು ತಾನೇ ಮೇಲೆದ್ದು ಕೊಳಾಯಿಯನ್ನು ಮುಚ್ಚುತ್ತದೆಯಲ್ಲ, ಅದು ಹಿಮ್ಮಾಹಿತಿ: ಫಲಿತಾಂಶವೇ ತಿರುಗಿ ಬಂದು ಕಾರಣವನ್ನು ಬದಲಿಸುವುದು. ಬೆಳಿಗ್ಗೆ ವಾಲ್ವ್ ಬಿಟ್ಟರೂ ನಮ್ಮ ಬೀದಿಗೆ ನೀರು ಬರಲು ಹಿಡಿಯುವ ಹೊತ್ತು ವಿಳಂಬ. ಇನ್ನು ಸಂಪನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಬೇಕೋ, ಪಕ್ಕದ ಮನೆಯವರು ಲೈನಿಗೇ ಮೋಟರು ಹಾಕಿ ಎಳೆಯುವುದನ್ನೂ ಸೇರಿಸಬೇಕೋ ಎಂಬುದು ಗಡಿಯ ಪ್ರಶ್ನೆ. ಸಂಗ್ರಹ, ಹರಿವು, ಹಿಮ್ಮಾಹಿತಿ, ವಿಳಂಬ, ಗಡಿ ಈ ಐದು ಪದಗಳು ಮಕ್ಕಳ ನಾಲಿಗೆಗೆ ಬರಲು ಒಂದು ಅವಧಿ ಸಾಕಾಯಿತು. ಪಕ್ಕದ ಮನೆಯ ಮೋಟರಿನ ಬಗ್ಗೆ ಎಲ್ಲರ ಬಳಿಯೂ ಒಂದೊಂದು ಕಥೆ ಇದ್ದುದರಿಂದ ಗಡಿಯ ಪರಿಕಲ್ಪನೆಗೆ ಬೇರೆ ಉದಾಹರಣೆ ಹುಡುಕಬೇಕಾಗಲಿಲ್ಲ.

ಈ ಚಿಂತನೆಗೆ ಲೆಕ್ಕದ ರೂಪ ಕೊಟ್ಟವರಲ್ಲಿ ಅಮೆರಿಕದ ಎಂಐಟಿಯ ಜೇ ಫಾರೆಸ್ಟರ್ ಪ್ರಮುಖರು. ಅವರ ವಿಧಾನವನ್ನು ಬಳಸಿ ಡೊನೆಲ್ಲಾ ಮೆಡೋಸ್ ಮತ್ತು ಸಂಗಡಿಗರು 1972ರಲ್ಲಿ 'ಲಿಮಿಟ್ಸ್ ಟು ಗ್ರೋತ್' ಪ್ರಕಟಿಸಿದರು. ಆದರೆ ಇದರ ಅಗತ್ಯ ಯಾಕೆ ಬಂತು ಎಂದು ತೋರಿಸಲು ನನಗೆ ಅದಕ್ಕಿಂತ ಲಂಡನ್ನಿನ ಕಾಲರಾ ಹೆಚ್ಚು ನೆರವಿಗೆ ಬಂತು. 1854ರಲ್ಲಿ ಬ್ರಾಡ್ ಸ್ಟ್ರೀಟಿನ ಬೋರಿನಿಂದ ರೋಗ ಹರಡಿತೆಂದು ಜಾನ್ ಸ್ನೋ ತೋರಿಸಿದ್ದನ್ನು ನಾವೆಲ್ಲ ಓದಿದ್ದೇವೆ. ಅದಕ್ಕೂ ಕೆಲವು ವರ್ಷ ಹಿಂದಿನ ಸಂಗತಿ ಅಷ್ಟು ಪ್ರಸಿದ್ಧವಲ್ಲ. ಮನೆಗಳ ಕೆಳಗಿನ ಮಲದ ಗುಂಡಿಗಳ ದುರ್ವಾಸನೆಯೇ ರೋಗಕ್ಕೆ ಕಾರಣ ಎಂದು ನಂಬಿದ ಅಲ್ಲಿನ ಆಡಳಿತ, 1848-49ರ ಕಾಲರಾ ಸಮಯದಲ್ಲಿ ಗುಂಡಿಗಳನ್ನು ಖಾಲಿ ಮಾಡಿಸಿ ಎಲ್ಲವನ್ನೂ ಥೇಮ್ಸ್ ನದಿಗೆ ಹರಿಸಿತು. ಮನೆ ಸ್ವಚ್ಛವಾಯಿತು. ಕುಡಿಯುವ ನೀರು ಬರುತ್ತಿದ್ದುದೂ ಅದೇ ಥೇಮ್ಸಿನಿಂದ. ವ್ಯವಸ್ಥೆಯ ಒಂದು ಮೂಲೆಯನ್ನು ಮಾತ್ರ ನೋಡಿ ಮಾಡಿದ ಒಳ್ಳೆಯ ಕೆಲಸ ಇನ್ನೊಂದು ಮೂಲೆಯಲ್ಲಿ ಸಾವು ತಂದದ್ದು ಹೀಗೆ.

ನಮ್ಮ ಊರಿಗೆ ಬರೋಣ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ದಿಣ್ಣೆಯ ಮೇಲೆ ಕುಳಿತಿದೆ. ದಿಣ್ಣೆಯ ಪೂರ್ವಕ್ಕೆ ಬಿದ್ದ ಮಳೆ ದಕ್ಷಿಣ ಪಿನಾಕಿನಿಗೆ, ಪಶ್ಚಿಮಕ್ಕೆ ಬಿದ್ದದ್ದು ಅರ್ಕಾವತಿಯ ಮೂಲಕ ಕಾವೇರಿಗೆ. ರಾಜಾಜಿನಗರ, ಕುರುಬರಹಳ್ಳಿ, ಬಸವೇಶ್ವರನಗರ, ವಿಜಯನಗರದ ನೀರೆಲ್ಲ ವೃಷಭಾವತಿ ಕಣಿವೆಗೆ ಸೇರುತ್ತದೆ. ಆ ಹೊಳೆ ಮೈಸೂರು ರಸ್ತೆಯ ಗಾಳಿ ಆಂಜನೇಯ ದೇವಸ್ಥಾನದ ಬದಿಯಿಂದ ಕೆಂಗೇರಿ ದಾಟಿ, ಬಿಡದಿ ಸಮೀಪದ ಬೈರಮಂಗಲ ಕೆರೆ ಸೇರುತ್ತದೆ. ಅಲ್ಲಿಂದ ಕೆಳಗೆ ಅರ್ಕಾವತಿ, ಕೊನೆಗೆ ಸಂಗಮದಲ್ಲಿ ಕಾವೇರಿ. ಕೆಂಗೇರಿ ಕಡೆಯಿಂದ ಬರುವ ಯಾರಿಗಾದರೂ ಈ ಹೊಳೆಯ ವಾಸನೆ ಪರಿಚಿತ. ಅದು ಹೊಳೆ ಎಂದು ತಿಳಿದವರು ತರಗತಿಯಲ್ಲಿ ಮೂವರೇ ಇದ್ದರು. ಉಳಿದವರಿಗೆ ಅದು 'ದೊಡ್ಡ ಮೋರಿ'.

ಮೊದಲು ಅರ್ಕಾವತಿಯ ಮೇಲಿನ ಒಂದು ಸಂಶೋಧನೆಯನ್ನು ವಿವರಿಸಬೇಕು. ಸಮಗ್ರ ವಿಧಾನ ಎಂದರೆ 'ಎಲ್ಲಕ್ಕೂ ಎಲ್ಲವೂ ಕಾರಣ' ಎಂದು ಕೈಚೆಲ್ಲುವುದಲ್ಲ ಎಂಬುದು ಅದರಿಂದ ಸ್ಪಷ್ಟವಾಗುತ್ತದೆ. 1933ರಿಂದ ಬೆಂಗಳೂರಿಗೆ ನೀರುಣಿಸಿದ ತಿಪ್ಪಗೊಂಡನಹಳ್ಳಿ ಜಲಾಶಯ ಈ ನದಿಯದ್ದು. ಕೆಲವು ದಶಕಗಳಲ್ಲಿ ಅದಕ್ಕೆ ಬರುವ ಒಳಹರಿವು ವಿಪರೀತ ಇಳಿಯಿತು. ಮಳೆ ಕಮ್ಮಿಯಾಯಿತು, ಬಿಸಿಲು ಹೆಚ್ಚಾಯಿತು, ನೀಲಗಿರಿ ತೋಪು ಬಂತು, ಕೊಳವೆಬಾವಿ ಹೆಚ್ಚಿತು, ಹಳ್ಳಗಳಿಗೆ ಅಡ್ಡ ಚೆಕ್ ಡ್ಯಾಮ್ ಕಟ್ಟಿದರು ಎಂದು ಒಬ್ಬೊಬ್ಬರದು ಒಂದೊಂದು ವಾದ. ಬೆಂಗಳೂರಿನ ಏಟ್ರೀ ಸಂಸ್ಥೆಯ ವೀಣಾ ಶ್ರೀನಿವಾಸನ್, ಶರಚ್ಚಂದ್ರ ಲೇಲೆ ಮತ್ತು ಸಂಗಡಿಗರು 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇವನ್ನೆಲ್ಲ ಊಹೆಗಳೆಂದು ಪಕ್ಕಪಕ್ಕ ಇಟ್ಟು ಒಂದೊಂದನ್ನೇ ದತ್ತಾಂಶದೊಂದಿಗೆ ತಾಳೆ ನೋಡಿದರು. ಮಳೆ ಇಳಿದಿರಲಿಲ್ಲ. ಉಷ್ಣತೆಯ ಏರಿಕೆಯಿಂದ ಇಷ್ಟು ದೊಡ್ಡ ಕುಸಿತವನ್ನು ವಿವರಿಸಲಾಗಲಿಲ್ಲ. ಮುಖ್ಯವಾಗಿ ಉಳಿದವು ಅಂತರ್ಜಲ ಎತ್ತುವಿಕೆ ಮತ್ತು ನೀಲಗಿರಿ. ಚೆಕ್ ಡ್ಯಾಮ್‌ಗಳ ಪಾತ್ರವನ್ನೂ ತಳ್ಳಿಹಾಕುವಂತಿರಲಿಲ್ಲ.

ಇದರಲ್ಲಿ ನನಗೆ ಹಿಡಿಸಿದ್ದು ಕ್ರಮ. ವ್ಯವಸ್ಥೆಯ ನಕ್ಷೆ ಬಿಡಿಸಿದ ಮೇಲೆ ಕೆಲಸ ಮುಗಿಯುವುದಿಲ್ಲ, ಬಾಣಗಳಲ್ಲಿ ಯಾವುದು ದಪ್ಪ, ಯಾವುದು ತೆಳು, ಯಾವುದನ್ನು ಅಳಿಸಬೇಕು ಎಂದು ಅಳೆದು ನೋಡಬೇಕು. ಇನ್ನೊಂದು ಮಾತು: ನೀಲಗಿರಿಯನ್ನು ನೆಟ್ಟ ರೈತ ಖಳನಲ್ಲ. ಒಣಭೂಮಿಯಲ್ಲಿ ರಾಗಿಗೆ ಆಳು ಸಿಗದಾಗ, ನೀರು ಹಾಯಿಸದೆ ಬೆಳೆಯುವ, ಕಾವಲು ಬೇಡದ, ಕೆಲವು ವರ್ಷಕ್ಕೊಮ್ಮೆ ಕೈಗೆ ಕಾಸು ಕೊಡುವ ಮರ ಅದು. ಜಲವಿಜ್ಞಾನದ ಪ್ರಶ್ನೆಗೆ ಉತ್ತರ ಕೂಲಿ ದರದಲ್ಲೂ ಇರಬಹುದು ಎಂದರೆ ಮಕ್ಕಳಿಗೆ ಮೊದಲು ನಗು ಬಂತು.

ತಿಪ್ಪಗೊಂಡನಹಳ್ಳಿ ನಂಬಿಕೊಂಡು ಊರು ಬೆಳೆಯುವಂತಿರಲಿಲ್ಲ. 1974ರಲ್ಲಿ ಕಾವೇರಿ ಮೊದಲ ಹಂತದ ನೀರು ಬಂತು. 2024ರ ಅಕ್ಟೋಬರ್‌ನಲ್ಲಿ ಐದನೇ ಹಂತ ಉದ್ಘಾಟನೆಯಾಯಿತು. 2007ರಲ್ಲಿ ನಗರಕ್ಕೆ ಸೇರಿದ 110 ಹಳ್ಳಿಗಳಿಗಾಗಿ ದಿನಕ್ಕೆ 77.5 ಕೋಟಿ ಲೀಟರ್. ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ ಪಂಪಿಂಗ್ ಕೇಂದ್ರಗಳ ಮೂಲಕ ನೀರನ್ನು ಸುಮಾರು 500 ಮೀಟರ್ ಮೇಲೆತ್ತಬೇಕು. ಒಂಬತ್ತನೇ ತರಗತಿಯವರಿಗೆ ಇದು ಸಿದ್ಧ ಲೆಕ್ಕ. ಸಾವಿರ ಲೀಟರ್ ಎಂದರೆ 1000 ಕಿಲೋಗ್ರಾಂ, ಅದನ್ನು 9.8ರಿಂದಲೂ 500ರಿಂದಲೂ ಗುಣಿಸಿದರೆ 49 ಲಕ್ಷ ಜೂಲ್. ಒಂದು ಯೂನಿಟ್ ವಿದ್ಯುತ್ ಎಂದರೆ 36 ಲಕ್ಷ ಜೂಲ್. ಅಂದರೆ ಪಂಪು ಒಂದಿಷ್ಟೂ ಶಕ್ತಿ ಪೋಲು ಮಾಡದಿದ್ದರೂ ಸಾವಿರ ಲೀಟರಿಗೆ 1.36 ಯೂನಿಟ್ ಬೇಕು. ವಾಸ್ತವದಲ್ಲಿ ಇನ್ನೂ ಹೆಚ್ಚು. ಭೌತವಿಜ್ಞಾನದ ವಿಭವಶಕ್ತಿ ನೀರಿನ ಬಿಲ್ಲಿಗೆ ಬಂದು ಸೇರುವ ಜಾಗ ಇದು. ಸೂತ್ರವನ್ನು ಕಪ್ಪುಹಲಗೆಯ ಮೇಲೆ ಬರೆದು 'ಕಲ್ಲನ್ನು ಮೇಲೆತ್ತಿದರೆ' ಎನ್ನುವುದಕ್ಕಿಂತ ಇದು ಎಷ್ಟೋ ಮೇಲು.

ಬಂದ ನೀರು ಎಲ್ಲಿಗೆ ಹೋಗುತ್ತದೆ? ಮನೆಗೆ ಬಂದದ್ದರಲ್ಲಿ ಸುಮಾರು ಶೇ 80 ಕೊಳಚೆಯಾಗಿ ಹೊರಹೋಗುತ್ತದೆ ಎಂಬುದು ಎಂಜಿನಿಯರುಗಳು ಬಳಸುವ ಲೆಕ್ಕ. ತಲೆಗೆ ದಿನಕ್ಕೆ 135 ಲೀಟರ್ ಎಂಬ ಪ್ರಮಾಣ ಹಿಡಿದರೆ ನಾಲ್ವರ ಮನೆಗೆ 540 ಲೀಟರ್, ಅದರಲ್ಲಿ 432 ಲೀಟರ್ ಕೊಳಚೆ. ಐದನೇ ಹಂತದ 77.5 ಕೋಟಿ ಲೀಟರ್ ಪೂರ್ತಿ ಮನೆಗಳಿಗೆ ಹೋದರೆ ದಿನಕ್ಕೆ 62 ಕೋಟಿ ಲೀಟರ್ ಹೊಸ ಕೊಳಚೆ. ನೀರು ತರುವ ಯೋಜನೆ ಎಂದರೆ ಕೊಳಚೆ ತರುವ ಯೋಜನೆಯೂ ಹೌದು ಎಂಬ ಮಾತು ಯಾವ ಉದ್ಘಾಟನೆಯ ಫಲಕದ ಮೇಲೂ ಬರೆದಿರುವುದಿಲ್ಲ. ಮಳೆಗಾಲದಲ್ಲಷ್ಟೇ ಹರಿಯುತ್ತಿದ್ದ ವೃಷಭಾವತಿ ವರ್ಷಪೂರ್ತಿ ಹರಿಯುವ ನದಿಯಾದದ್ದು ಹೀಗೆ. ಅದರೊಳಗಿನ ಬಹುಪಾಲು ನೀರು ಹುಟ್ಟಾ ಕಾವೇರಿಯದು ಮತ್ತು ಕೊಳವೆಬಾವಿಗಳದು.

ಈಗ ಬೈರಮಂಗಲ. ಇಲ್ಲಿ ಕಥೆ ಒಂದೇ ದಿಕ್ಕಿಗೆ ಹೋಗುವುದಿಲ್ಲ, ಆದ್ದರಿಂದ ನಿಧಾನಿಸಬೇಕು. ನೊರೆ ತುಂಬಿದ ಆ ಕೆರೆಯ ಚಿತ್ರ ತೋರಿಸಿದರೆ ಮಕ್ಕಳು ಮೂಗು ಮುಚ್ಚಿಕೊಂಡು 'ಪಾಪ ರೈತರು' ಎನ್ನುತ್ತಾರೆ. ಅರ್ಧ ನಿಜ. ಸುತ್ತಮುತ್ತಲ ತಾಲ್ಲೂಕುಗಳಲ್ಲಿ ಕೊಳವೆಬಾವಿ ಬತ್ತಿದ ರೈತ ಆಕಾಶ ನೋಡುತ್ತಿರುವಾಗ ಇಲ್ಲಿನ ನಾಲೆಯಲ್ಲಿ ಬೇಸಿಗೆಯಲ್ಲೂ ನೀರಿದೆ. ಅದರಲ್ಲಿ ಸಾರಜನಕ, ರಂಜಕ ಬೆರೆತಿರುವುದರಿಂದ ಗೊಬ್ಬರದ ಖರ್ಚೂ ಉಳಿಯುತ್ತದೆ. ಆದರೆ ಅದೇ ಸಾರಜನಕ ಅತಿಯಾದರೆ ಭತ್ತ ಸೊಪ್ಪಾಗಿ ಬೆಳೆದು ಮಲಗುತ್ತದೆ, ಕಾಳು ಕಟ್ಟುವುದಿಲ್ಲ. ಹಾಗಾಗಿ ರೈತರು ಭತ್ತ, ಕಬ್ಬು ಬಿಟ್ಟು ಮೇವಿನ ಹುಲ್ಲು, ಬೇಬಿ ಕಾರ್ನ್, ಹಿಪ್ಪುನೇರಳೆಗೆ ಬಂದರು. ಹುಲ್ಲಿದ್ದಲ್ಲಿ ಹಸು, ಹಸುವಿದ್ದಲ್ಲಿ ಹಾಲು. ಹಾಲಿಗೆ ಹತ್ತಿರದ ದೊಡ್ಡ ಮಾರುಕಟ್ಟೆ ಬೆಂಗಳೂರು. ಇನ್ನೊಂದು ಕಡೆ ಆ ನೀರಿನಲ್ಲಿ ಇಳಿದು ಕೆಲಸ ಮಾಡುವವರಿಗೆ ಚರ್ಮದ ತುರಿಕೆ, ಸಂಜೆಯಾದರೆ ಸೊಳ್ಳೆ. ಬಾವಿಯ ನೀರು ಕುಡಿಯಲು ಬಾರದಾಗಿ ಕ್ಯಾನ್ ನೀರು ಕೊಳ್ಳಬೇಕು. ಗೊಬ್ಬರದಲ್ಲಿ ಉಳಿದ ದುಡ್ಡು ಔಷಧಿ ಅಂಗಡಿಯಲ್ಲಿ, ನೀರಿನ ಘಟಕದಲ್ಲಿ ಹೋಗುತ್ತದೆ. ಉಳಿದದ್ದು ಎಷ್ಟು, ಹೋದದ್ದು ಎಷ್ಟು ಎಂದು ಕೂಡಿ ಕಳೆಯಲು ಬೇಸಾಯ ಬಲ್ಲವರು, ಆರ್ಥಿಕ ತಜ್ಞರು, ವೈದ್ಯರು ಒಂದೇ ಹಳ್ಳಿಗೆ ಒಟ್ಟಿಗೆ ಹೋಗಬೇಕಾಗುತ್ತದೆ.

ಮನೆಯ ಕೊಳಚೆ ಮಾತ್ರ ಇದ್ದಿದ್ದರೆ ಸಮಸ್ಯೆ ಸುಲಭವಿತ್ತು. ಅದನ್ನು ಸಂಸ್ಕರಣಾ ಘಟಕದ ಬ್ಯಾಕ್ಟೀರಿಯಾಗಳು ತಿಂದು ಅರಗಿಸುತ್ತವೆ. ಆದರೆ ಲೋಹದ ಬಿಡಿಭಾಗಗಳಿಗೆ ಲೇಪ ಕೊಡುವ ಪ್ಲೇಟಿಂಗ್ ಕೆಲಸದಲ್ಲಿ ಕ್ರೋಮಿಯಂ, ನಿಕ್ಕಲ್, ಸತುವು ಬಳಕೆಯಾಗುತ್ತವೆ. ಲೋಹ ಒಂದು ಮೂಲವಸ್ತು. ಬ್ಯಾಕ್ಟೀರಿಯಾ ಅದನ್ನು ಒಡೆಯಲಾರದು. ಹೆಚ್ಚಾದರೆ ಬ್ಯಾಕ್ಟೀರಿಯಾವೇ ಸಾಯುತ್ತದೆ. ಲೋಹ ಕೆಸರಿನಲ್ಲೋ, ಮಣ್ಣಿನಲ್ಲೋ, ಬೇರಿನಲ್ಲೋ ಎಲ್ಲಾದರೂ ಇರಲೇಬೇಕು. ರಸಾಯನವಿಜ್ಞಾನದಲ್ಲಿ ನಾವು ಕಲಿಸುವ ದ್ರವ್ಯ ಸಂರಕ್ಷಣಾ ನಿಯಮ ಹಾಲಿನ ಲೋಟದವರೆಗೂ ಬರುತ್ತದೆಯೇ? ಬರುತ್ತದೆ ಎಂದು ಹೆದರಿಸುವುದೂ ಇಲ್ಲ ಎಂದು ಸಮಾಧಾನ ಹೇಳುವುದೂ ಎರಡೂ ಅವಸರ. ಮಣ್ಣು, ಹುಲ್ಲು, ಹಾಲು ಒಂದೊಂದನ್ನೂ ಬೇರೆಯಾಗಿ ಅಳೆಯಬೇಕು. ಪ್ರತಿ ಹಂತದಲ್ಲೂ ಲೋಹದ ಒಂದು ಪಾಲು ಮಾತ್ರ ಮುಂದೆ ಹೋಗುತ್ತದೆ.

ಈ ಭಾಗವನ್ನು ಪಾಠ ಮಾಡುವಾಗ ತರಗತಿಯ ನೆಲದ ಮೇಲೆ ಸೀಮೆಸುಣ್ಣದಿಂದ ದೊಡ್ಡ ನಕ್ಷೆ ಬಿಡಿಸಿದೆವು. ಕಾವೇರಿ, ಮನೆ, ಶೆಡ್ಡು, ರಾಜಕಾಲುವೆ, ಬೈರಮಂಗಲ, ಹೊಲ, ಹಸು, ಹಾಲಿನ ಬೂತು, ಆಸ್ಪತ್ರೆ ಒಂದೊಂದಕ್ಕೂ ಒಂದು ವೃತ್ತ, ವೃತ್ತಕ್ಕೊಬ್ಬರು ನಿಂತರು. ಒಂದು ಹೆಚ್ಚಿದರೆ ಇನ್ನೊಂದು ಹೆಚ್ಚುವ ಕಡೆ ಬಾಣಕ್ಕೆ ಕೂಡುವ ಚಿಹ್ನೆ, ಕಡಿಮೆಯಾಗುವ ಕಡೆ ಕಳೆಯುವ ಚಿಹ್ನೆ. ಬಾಣಗಳು ಸುತ್ತಿ ಬಂದು ಹೊರಟಲ್ಲಿಗೇ ಸೇರಿದರೆ ಅದೊಂದು ಹಿಮ್ಮಾಹಿತಿ ಸುತ್ತು. ನೀರು ತಂದಷ್ಟೂ ಊರು ಬೆಳೆಯುತ್ತದೆ, ಊರು ಬೆಳೆದಷ್ಟೂ ಇನ್ನಷ್ಟು ನೀರು ಬೇಕು: ಈ ಸುತ್ತನ್ನು ಮಕ್ಕಳೇ ಕಂಡುಹಿಡಿದರು.

ಶೆಡ್ಡಿನ ವೃತ್ತದ ಪಕ್ಕ ನಿಂತಿದ್ದ ಹುಡುಗ ಕೇಳಿದ: "ಮಿಸ್, ಹಂಗಾದ್ರೆ ಪ್ಲೇಟಿಂಗ್ ಶೆಡ್ ಮುಚ್ಚಿಸ್ಬೇಕಾ? ನಮ್ಮಪ್ಪ ಅಲ್ಲೇ ಕೆಲ್ಸ ಮಾಡೋದು."

ಗದ್ದಲ ನಿಂತಿತು. ನನ್ನ ಪಾಠಯೋಜನೆಯ ಯಾವ ಅಂಕಣದಲ್ಲೂ ಈ ಪ್ರಶ್ನೆ ಇರಲಿಲ್ಲ. ಇಂಥ ಹೊತ್ತಿನಲ್ಲಿ 'ಪರಿಸರ ಮುಖ್ಯ' ಎಂದು ಮುಂದೆ ಹೋಗಿಬಿಡುವುದು ನಮಗೆ ಸುಲಭ. ಆ ಮಗು ಅವತ್ತಿನಿಂದ ವಿಜ್ಞಾನವನ್ನು ತನ್ನ ಮನೆಯ ವಿರುದ್ಧದ ಮಾತು ಎಂದೇ ತಿಳಿಯುತ್ತದೆ. ನಾನು ಅವನಿಗೆ ಸೀಮೆಸುಣ್ಣ ಕೊಟ್ಟು, "ಶೆಡ್ಡಿಂದ ಏನೇನು ಹೊರಗೆ ಹೋಗುತ್ತೆ, ಎಲ್ಲಾ ಬಾಣ ನೀನೇ ಹಾಕು" ಎಂದೆ. ಕೊಳೆ ನೀರಿನ ಬಾಣ ಅವನೇ ಹಾಕಿದ. ಸಂಬಳದ ಬಾಣ ಹಾಕಿದ, ಅದು ಮನೆಗೆ, ಅಲ್ಲಿಂದ ಹಾಲಿನ ಬೂತಿಗೆ. ಗಾಡಿಯ ಬಿಡಿಭಾಗಗಳ ಬಾಣ ಹಾಕಿದ. ಆಮೇಲೆ ಸ್ವಲ್ಪ ಯೋಚಿಸಿ ಅಪ್ಪನ ಕೈಯ ಬಾಣವನ್ನೂ ಹಾಕಿದ. ಆಮ್ಲ ತಾಗಿ ಕೈ ಸಿಪ್ಪೆ ಏಳುತ್ತದಂತೆ. ಅದು ಆಸ್ಪತ್ರೆಯ ವೃತ್ತಕ್ಕೆ ಹೋಯಿತು. ಬೈರಮಂಗಲದ ರೈತನ ಬಾಣವೂ ಅದೇ ವೃತ್ತಕ್ಕೆ ಬಂದು ಸೇರಿತ್ತು. ಇಬ್ಬರಿಗೂ ಒಂದೇ ತುರಿಕೆ ಎಂದು ಹಿಂದಿನ ಸಾಲಿನಿಂದ ಯಾರೋ ಹೇಳಿದರು.

ಅಲ್ಲಿಂದ ಅರ್ಥಶಾಸ್ತ್ರದ ಒಂದು ಪರಿಕಲ್ಪನೆ ತರುವುದು ಸಲೀಸಾಯಿತು. ಸಂಸ್ಕರಣೆ ಮಾಡದೆ ನೀರು ಬಿಟ್ಟರೆ ಶೆಡ್ಡಿನ ಮಾಲೀಕನ ಲೆಕ್ಕಪುಸ್ತಕದಲ್ಲಿ ಒಂದು ಖರ್ಚು ಕಡಿಮೆ. ಆ ಖರ್ಚು ಮಾಯವಾಗಿಲ್ಲ, ಬೇರೆಯವರ ತಲೆಗೆ ಹೋಗಿದೆ. ಇದನ್ನು ಬಾಹ್ಯ ವೆಚ್ಚ ಎನ್ನುತ್ತಾರೆ. ಐದಾರು ಆಳುಗಳ ಶೆಡ್ಡು ಸ್ವಂತ ಸಂಸ್ಕರಣಾ ಘಟಕ ಕಟ್ಟಿಕೊಳ್ಳಲಾರದು. ನೂರು ಶೆಡ್ಡುಗಳು ಸೇರಿ ಒಂದು ಸಾಮೂಹಿಕ ಘಟಕಕ್ಕೆ ನೀರು ಕಳಿಸಿದರೆ ತಲಾ ಖರ್ಚು ಇಳಿಯುತ್ತದೆ. ಆಗ ಬಿಡಿಭಾಗದ ಬೆಲೆ ಒಂದಿಷ್ಟು ಏರಬಹುದು. ಏರಿದ್ದನ್ನು ಗಾಡಿ ಕೊಳ್ಳುವವರು ಕೊಡಬೇಕೋ, ಮಾಲೀಕ ಲಾಭದಲ್ಲಿ ಬಿಡಬೇಕೋ, ಸರ್ಕಾರ ಸಹಾಯಧನ ಕೊಡಬೇಕೋ ಎಂದು ಹದಿಮೂರು ವರ್ಷದ ಮಕ್ಕಳು ಹತ್ತು ನಿಮಿಷ ವಾದ ಮಾಡಿದರು. ಮುಚ್ಚಬೇಕೋ ಬಿಡಬೇಕೋ ಎಂಬ ಎರಡೇ ಉತ್ತರದ ಪ್ರಶ್ನೆ ನಾಲ್ಕೈದು ಉತ್ತರದ ಪ್ರಶ್ನೆಯಾಗಿ ಮಾರ್ಪಟ್ಟಿತ್ತು. ನನ್ನ ಮಟ್ಟಿಗೆ ಈ ವಿಧಾನದ ಬೆಲೆ ಇರುವುದು ಇಲ್ಲಿ.

ಆರೋಗ್ಯದ ಬಾಣಗಳಲ್ಲಿ ಒಂದನ್ನು ತಿದ್ದಬೇಕಾಯಿತು. ಬಹುತೇಕ ಎಲ್ಲರೂ ಮೋರಿಯಿಂದ ಡೆಂಗಿಗೆ ದಪ್ಪ ಬಾಣ ಎಳೆದಿದ್ದರು. ಕರ್ನಾಟಕ ಸರ್ಕಾರ 2024ರ ಸೆಪ್ಟೆಂಬರ್‌ನಲ್ಲಿ ಡೆಂಗಿಯನ್ನು ಸಾಂಕ್ರಾಮಿಕ ರೋಗ ಎಂದು ಘೋಷಿಸಿದ್ದರಿಂದ ಅದರ ಹೆಸರು ಎಲ್ಲರ ಬಾಯಲ್ಲಿತ್ತು. ಆದರೆ ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಡುವುದು ಮನೆಯೊಳಗೆ ಹಿಡಿದಿಟ್ಟ ತಿಳಿ ನೀರಿನಲ್ಲಿ. ಕೊಳಚೆಯಲ್ಲಿ ಹುಟ್ಟುವುದು ಹೆಚ್ಚಾಗಿ ಕ್ಯುಲೆಕ್ಸ್. ಕೊಳಾಯಿ ನೀರು ದಿನ ಬಿಟ್ಟು ದಿನ ಬರುವ ಬೀದಿಯಲ್ಲಿ ಡ್ರಮ್ಮು, ಬಿಂದಿಗೆ, ಬಕೆಟ್ಟು ತುಂಬಿಟ್ಟುಕೊಳ್ಳದೆ ವಿಧಿಯಿಲ್ಲ. ಹಾಗಾಗಿ ಬಾಣ ಹೊರಡಬೇಕಾದದ್ದು ಮೋರಿಯಿಂದಲ್ಲ, ನೀರು ಬಿಡುವ ವೇಳಾಪಟ್ಟಿಯಿಂದ. 'ಡ್ರಮ್ಮಿಗೆ ಮುಚ್ಚಳ ಹಾಕಿ' ಎಂಬ ಭಿತ್ತಿಪತ್ರ ಮನೆಯ ಹೆಂಗಸರಿಗೆ ಬುದ್ಧಿ ಹೇಳುತ್ತದೆ, ವಾಲ್ವ್ ತಿರುಗಿಸುವವರಿಗೆ ಏನೂ ಹೇಳುವುದಿಲ್ಲ.

ವಿಳಂಬದ ಪರಿಕಲ್ಪನೆಗೆ ಉದಾಹರಣೆ ಬೇರೆಲ್ಲೂ ಹುಡುಕಬೇಕಿರಲಿಲ್ಲ. 2017ರ ಅಕ್ಟೋಬರ್‌ನ ಒಂದು ರಾತ್ರಿಯ ಮಳೆಗೆ ಕುರುಬರಹಳ್ಳಿಯ ರಾಜಕಾಲುವೆ ಉಕ್ಕಿ ಜನ ಕೊಚ್ಚಿಹೋದರು. ಆ ವರ್ಷ ಬೆಂಗಳೂರಿನಲ್ಲಿ 1,600 ಮಿಲಿಮೀಟರಿಗೂ ಹೆಚ್ಚು ಮಳೆಯಾಗಿತ್ತು. ಮಣ್ಣಿನ ನೆಲಕ್ಕೆ ಬಿದ್ದ ಮಳೆ ಇಂಗುತ್ತ, ನಿಲ್ಲುತ್ತ, ಕೆರೆಯಲ್ಲಿ ತಂಗಿ ನಿಧಾನಕ್ಕೆ ಹೊಳೆ ಸೇರುತ್ತಿತ್ತು. ಕಾಂಕ್ರೀಟಿಗೆ ಬಿದ್ದದ್ದು ದಿಣ್ಣೆಯ ಇಳಿಜಾರಿನಲ್ಲಿ ನಿಮಿಷಗಳಲ್ಲಿ ಕಾಲುವೆಗೆ ಬರುತ್ತದೆ. ಬಿದ್ದ ಮಳೆ ಅಷ್ಟೇ ಇದ್ದರೂ ವಿಳಂಬ ಕುಗ್ಗಿದರೆ ಉಕ್ಕು ಹೆಚ್ಚುತ್ತದೆ. ಎರಡು ಬಾಟಲಿಗಳ ಬಾಯಿ ಕತ್ತರಿಸಿ, ಒಂದರಲ್ಲಿ ಸ್ಪಂಜು ಇಟ್ಟು, ಎರಡಕ್ಕೂ ಒಂದೇ ಅಳತೆಯ ನೀರು ಸುರಿದು, ಕೆಳಗಿನ ಲೋಟ ತುಂಬುವ ಹೊತ್ತನ್ನು ಮೊಬೈಲಿನಲ್ಲಿ ಅಳೆದರೆ ಸಾಕು. ಆ ರಾತ್ರಿ ನಮ್ಮ ಮಕ್ಕಳಿಗೆ ಐದಾರು ವರ್ಷ. ಮನೆಯಲ್ಲಿ ಕೇಳಿದ ಮಾತು ಇನ್ನೂ ಹಸಿಯಾಗಿರುವುದರಿಂದ ಈ ಪ್ರಯೋಗಕ್ಕೆ ಮೊದಲು ತರಗತಿಯ ಮೇಡಂ ಅವರನ್ನು ವಿಚಾರಿಸಿಕೊಂಡೆ. ಹೀಗೆ ಕೇಳಿಕೊಳ್ಳುವುದು ಒಳ್ಳೆಯದು.

ನಗರದ ಹೊರಗಿನ ಉದಾಹರಣೆ ಬೇಕೆನ್ನುವವರಿಗೆ ಮಂಗನ ಕಾಯಿಲೆ ಇದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ್ದು. ಮಂಗ ಸತ್ತಲ್ಲಿ ಮನುಷ್ಯರಿಗೂ ಜ್ವರ ಬರುವುದರಿಂದ ಹೆಸರು ಮಂಗನ ಮೇಲೆ ಬಿತ್ತು. ಹರಡುವುದು ಉಣ್ಣೆ. ಕಾಡು ಕಡಿದು ಗದ್ದೆ ಮಾಡಿದ ಅಂಚಿನಲ್ಲಿ ದನ ಮೇಯುತ್ತದೆ, ದನದ ರಕ್ತ ಕುಡಿದು ಉಣ್ಣೆ ಹೆಚ್ಚುತ್ತದೆ, ದರಗು ತರಲು ಹೋದವರಿಗೆ ಅದು ಕಚ್ಚುತ್ತದೆ ಎಂಬ ಸರಪಳಿಯನ್ನು ಹೋರ್ಹೆ ಬೋಶೆಲ್ 1969ರ ಲೇಖನದಲ್ಲೇ ವಿವರಿಸಿದ್ದರು. ಮಲೆನಾಡಿನಿಂದ ಬಂದ ಪ್ರಶಿಕ್ಷಣಾರ್ಥಿಗಳು ನನಗಿಂತ ಚೆನ್ನಾಗಿ ಇದನ್ನು ಪಾಠ ಮಾಡಬಲ್ಲರು.

ಈ ವಿಧಾನಕ್ಕೆ ಒಂದು ಅಪಾಯವೂ ಇದೆ. ನಕ್ಷೆಯಲ್ಲಿ ಬಾಣ ಹೆಚ್ಚಿದಂತೆಲ್ಲ ತಿಳಿವಳಿಕೆ ಹೆಚ್ಚಿತು ಎಂಬ ಭ್ರಮೆ ಬರುತ್ತದೆ. ಒಂದು ಗುಂಪು ಮೋಡ, ಸೂರ್ಯ, ಮೊಬೈಲ್ ಟವರ್ ಎಲ್ಲವನ್ನೂ ಸೇರಿಸಿ ನೆಲ ತುಂಬಿಸಿತು. ನೋಡಲು ಚೆಂದ, ಉಪಯೋಗ ಸೊನ್ನೆ. ಅದಕ್ಕೇ ಮುಂದಿನ ಅವಧಿಯಲ್ಲಿ ಮೊದಲು ಪ್ರಶ್ನೆ ಬರೆಸಿದೆ, ಆಮೇಲೆ ಗಡಿ ಎಳೆಸಿದೆ. 'ಬೈರಮಂಗಲದ ಹಾಲು ಸುರಕ್ಷಿತವೇ' ಎಂಬುದು ಪ್ರಶ್ನೆಯಾದರೆ ಪಂಪಿನ ವಿದ್ಯುತ್ತು ಗಡಿಯ ಹೊರಗೆ. 'ನೀರಿನ ಬಿಲ್ ಯಾಕೆ ಏರುತ್ತದೆ' ಎಂಬುದಾದರೆ ಹಸು ಹೊರಗೆ. ಗಡಿ ಎಲ್ಲಿ ಎಳೆದರೂ ಯಾರೋ ಹೊರಗುಳಿಯುತ್ತಾರೆ, ಯಾರು ಎಂಬುದನ್ನು ನಕ್ಷೆಯ ಅಂಚಿನಲ್ಲಿ ಬರೆಯಬೇಕು ಎಂಬ ನಿಯಮ ಮಾಡಿದೆವು. ಎರಡು ಗುಂಪುಗಳ ಅಂಚಿನಲ್ಲಿ 'ತಮಿಳುನಾಡು' ಎಂದಿತ್ತು: ಸಂಗಮ ದಾಟಿದ ನೀರು ಮೆಟ್ಟೂರಿಗೆ ಹೋಗುತ್ತದೆಂದು ಭೂಪಟ ನೋಡಿ ಕಂಡುಕೊಂಡಿದ್ದರು.

ವ್ಯಾವಹಾರಿಕವಾಗಿ ಹೇಳುವುದಾದರೆ ಮೂರು ಅವಧಿ ಬೇಕು, ಒಂದರಲ್ಲಿ ಆಗುವುದಿಲ್ಲ. ಘಟಕ ಯೋಜನೆಯಲ್ಲಿ ಸೂಕ್ಷ್ಮಜೀವಿ ಮತ್ತು ಬೆಳೆಗಳ ಪಾಠ ಮುಗಿದ ಮೇಲೆ ಪುನರವಲೋಕನದ ಅವಧಿಗಳನ್ನು ಇದಕ್ಕೆ ಇಟ್ಟುಕೊಂಡರೆ ಪಠ್ಯ ಹಿಂದುಳಿಯುವುದಿಲ್ಲ. ಸಾಧ್ಯವಾದರೆ ಗಣಿತದವರಿಂದ ಒಂದು ಅವಧಿ ಕೇಳಿ ಪಡೆಯಿರಿ. 432 ಲೀಟರಿನ ಲೆಕ್ಕ ಅವರ ಪಾಠವೂ ಹೌದು. ಮೌಲ್ಯಮಾಪನಕ್ಕೆ ಬಿಟ್ಟ ಜಾಗ ತುಂಬಿ ಎಂಬ ಬಗೆಯ ಪ್ರಶ್ನೆ ಹೊಂದುವುದಿಲ್ಲ. ನಾನು ಕೊಟ್ಟದ್ದು ಇದು: 'ಕೊಳಚೆ ನೀರನ್ನು ಬೈರಮಂಗಲ ಕೆರೆಗೆ ಬಿಡದೆ ಪಕ್ಕದಲ್ಲೊಂದು ಕಾಲುವೆ ತೋಡಿ ಕೆಳಕ್ಕೆ ಸಾಗಿಸಿದರೆ ಯಾರಿಗೆ ಏನಾಗುತ್ತದೆ? ಕನಿಷ್ಠ ಮೂರು ಬಾಣ ಬರೆದು, ಅವುಗಳಲ್ಲಿ ಯಾವುದನ್ನು ಹೇಗೆ ಅಳೆಯುವಿರಿ ತಿಳಿಸಿ.' ಐದು ಅಂಕ. ಬಾಣಗಳಿಗೆ ಮೂರು, ಅಳತೆಯ ವಿಧಾನಕ್ಕೆ ಎರಡು. ಹೆಚ್ಚಿನವರು ಕೆರೆ ಶುದ್ಧವಾಗುತ್ತದೆ ಎಂದು ಬರೆದರು. ಕೆರೆಯಲ್ಲಿ ನಿಂತು ತಳಕ್ಕಿಳಿಯುತ್ತಿದ್ದ ಕೆಸರು ಇನ್ನು ಕೆಳಗಿನ ಊರಿಗೆ ಹೋಗುತ್ತದೆ ಎಂದು ನಾಲ್ವರು ಬರೆದರು. ಪ್ಲೇಟಿಂಗ್ ಶೆಡ್ಡಿನ ಹುಡುಗ, ಕಾಲುವೆ ನೀರನ್ನು ಭಾನುವಾರವೂ ಸೋಮವಾರವೂ ಬಾಟಲಿಯಲ್ಲಿ ಹಿಡಿದು ಪರೀಕ್ಷೆ ಮಾಡಿಸಬೇಕು, ಯಾಕೆಂದರೆ ಭಾನುವಾರ ಶೆಡ್ಡಿಗೆ ರಜೆ ಎಂದು ಬರೆದಿದ್ದ. ಅವನಿಗೆ ಎರಡಕ್ಕೆ ಎರಡು.